ಹಾವ್ ಬಹಾದ್ದೂರನ ತತ್ತಿ ಪರೀಕ್ಷೆ

ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ಇಟ್ಟವರು ಹಲವರು. ಆದರೆ ಇಲಿಗಳ ಮೇಲೆ ದಂಡೆತ್ತಲು ಹಾವಿನ ಪಡೆ ಕಟ್ಟುತ್ತೇನೆಂದು ಹೊರಟ ಮಹಾಪುರುಷ ನಾನೊಬ್ಬನೇ! ಸಾಕಿದ ಬೆಕ್ಕು ಇಲಿಗಳೊಡನೆ ಸಂಧಾನ ಮಾಡಿಕೊಂಡು ಭತ್ತದ ಚೀಲದ ಮೇಲೆ ಗೊರಕೆ ಹೊಡೆಯುತ್ತಿತ್ತು. ಕೇರೆ ಹಾವಿಗೆ ವಿಷವಿಲ್ಲ, ಸಂಬಳ ಕೇಳುವುದಿಲ್ಲ, ಊಟಕ್ಕೆ ಇಲಿಯೇ ಸಾಕು. ಮರಿ ಮಾಡಿಸಿದರೆ ಗಿರಣಿಗೊಂದು ಕಾವಲು ಪಡೆಯೇ ಸಿದ್ಧ!

"ನೋಡ್ತಿರು, ಮದರಾಸಿನ ಸರ್ಕಾರದೋರು ಕರದು ರಾವ್ ಬಹಾದ್ದೂರ್ ಅಂತ ಬಿರುದು ಕೊಡ್ತಾರ" ಎಂದೆ ಹೆಂಡತಿ ಅಕ್ಕನಾಗಮ್ಮನಿಗೆ.

"ರಾವ್ ಅಲ್ರಿ, ಹಾವ್ ಬಹಾದ್ದೂರ್" ಎಂದಳು ಆಕೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಹೆಸರಿನ್ಯಾಗ ನಾಗನ್ನ ಇಟ್ಕೊಂಡು ಹಾವಿಗೆ ಹೆದರ್ತೀಯಲ್ಲ!"

"ಹೆಸರಿನ್ಯಾಗ ಇರ್ಲಿ ಬಿಡ್ರಿ. ಮನ್ಯಾಗ ಬ್ಯಾಡ."

ಕಂಪ್ಲಿಯ ಗದ್ದೆಯಿಂದ ತುಂಬು ಬಸುರಿ ಕೇರೆಯೊಂದನ್ನು ಹಿಡಿಸಿ ತಂದೆ. ಅದು ಗಿರಣಿಯ ಹೊಟ್ಟಿನ ರಾಶಿಯಲ್ಲಿ ಮೊಟ್ಟೆಯಿಟ್ಟು, ಹೆತ್ತ ಋಣ ತೀರಿತೆಂಬಂತೆ ಕಾಲುವೆಯ ಕಡೆಗೆ ಹರಿದುಹೋಯಿತು. ಮೊಟ್ಟೆಗಳನ್ನು ಬಗ್ಗಿ ನೋಡಿದೆ. ಕೆಲವು ಬೆಳ್ಳಗೆ, ನುಣ್ಣಗೆ, ಬಿಡಿಬಿಡಿಯಾಗಿದ್ದವು. ಉಳಿದವು ಒಂದಕ್ಕೊಂದು ಅಂಟಿಕೊಂಡು, ಕಲೆ ಬಿದ್ದು, ಗಾಳಿ ಹೋದ ಚೆಂಡಿನಂತೆ ತಗ್ಗು ಬಿದ್ದಿದ್ದವು. ನಾವೋ ಲಿಂಗವಂತರು, ಮೊಟ್ಟೆಯ ವಿದ್ಯೆಯಲ್ಲಿ ನಮ್ಮ ಮನೆತನದ ಅನುಭವ ಸೊನ್ನೆ. ಸೊನ್ನೆಯೂ ಮೊಟ್ಟೆಯಂತೆಯೇ ಇರುವುದರಿಂದ ನನಗೆ ಧೈರ್ಯ ಬಂತು!

ಮಗಳು ಪಂಪಮ್ಮ ಒಂದೊಂದನ್ನೇ ಕಂದೀಲಿನ ಬೆಳಕಿಗೆ ಹಿಡಿದು ನೋಡಿದಳು.

"ಅಪ್ಪಾ, ಈ ತಗ್ಗು ಬಿದ್ದಿದ್ದರೊಳಗ ಕೆಂಪನ್ನ ಎಳಿ ಕಾಣ್ತಾವ. ಜೀವ ಐತಿ."

"ಅವು ಕೊಳತ ಗೆರಿ. ತಾಯಿ ಹೊಟ್ಯಾಗ ಕೆಟ್ಟಾವ."

"ಮತ್ತ ಈ ಬೆಳ್ಳನ್ನವುದ್ರಾಗ ಏನೂ ಕಾಣವಲ್ದು?"

"ಒಳಗ ಅಷ್ಟು ಶುದ್ಧ ಐತಿ ಅಂದಂಗ!"

ಹೀಗೆ ತೀರ್ಪಾಯಿತು. ಚೆಲುವಾದ ಮೊಟ್ಟೆಗಳನ್ನು ಅರಳೆ ಹಾಸಿದ ಹಿತ್ತಾಳೆ ಪರಾತದಲ್ಲಿಟ್ಟು, ಒಳಮನೆಯ ಗೋಡೆಯ ಗೂಡಿನಲ್ಲಿ ಪ್ರತಿಷ್ಠಾಪಿಸಿದೆ. ಕುರೂಪಿಗಳನ್ನು ಬೀದಿಗೆ ಎಸೆಯಲು ಹೊರಟಾಗ ಅಕ್ಕನಾಗಮ್ಮ ಅಡ್ಡ ಬಂದಳು.

"ಹಾವಿನ ತತ್ತಿ ಒಡದ್ರ ದೋಷ ತಟ್ತೈತಿ. ಮದುವಿಗೆ ಬಂದ ಮಗಳು ಅದಾಳ ಮನ್ಯಾಗ!"

ಸರಿ, ಪಡಸಾಲೆಯ ಮೂಲೆಯಲ್ಲಿದ್ದ ಬಿದಿರಿನ ಪುಟ್ಟಿಯೊಂದರಲ್ಲಿ ಹೊಟ್ಟು ತುಂಬಿ, ಅವನ್ನು ಹುಗಿದು, ಮೇಲೊಂದು ಗೋಣಿತಟ್ಟು ಹೊದಿಸಿ ಮರೆತುಬಿಟ್ಟೆ.

ದಿನ ಕಳೆದಂತೆ ನನ್ನ ಚೆಲುವೆಯರ ಮೈಮೇಲೆ ಹಸಿರು ಬೂಸ್ಟು ಬಂತು. ಆಮೇಲೆ ವಾಸನೆ ಬಂತು.

"ಏನ್ರೀ ಇದು ನಾತ?" ಎಂದಳು ಹೆಂಡತಿ ಮೂಗು ಮುಚ್ಚಿಕೊಂಡು.

"ಮರಿ ಬರೋ ಮುಂಚೆ ಹಿಂಗ ಇರ್ತೈತಿ!"

ಮರಿ ಬರಲಿಲ್ಲ. ಬಂದವರು ಸಂಡೂರಿನ ಬೀಗರು! ಜವಳಿ ಅಂಗಡಿ ದೊಡ್ಡಬಸಪ್ಪನವರು ಹೆಂಡತಿ ಕೊಟ್ರಬಸಮ್ಮ ಮತ್ತು ಮಗನೊಡನೆ ಪಂಪಮ್ಮನನ್ನು ನೋಡಲು ಗಾಡಿ ಕಟ್ಟಿಕೊಂಡು ಬಂದಿಳಿದರು. ನಾವು ಬಹಳ ಆಸೆಪಟ್ಟಿದ್ದ ಸಂಬಂಧ. ಆ ಬೆಳಿಗ್ಗೆಯೇ ಗೂಡಿನಲ್ಲಿ ಒಂದು ಮೊಟ್ಟೆ ಟಪ್ಪೆಂದು ಒಡೆಯಬೇಕೆ! ಮನೆತುಂಬ ಲೋಬಾನದ ಹೊಗೆ ಹಾಕಿ, ಕೆಮ್ಮುತ್ತಲೇ ಬೀಗರನ್ನು ಉಪಚರಿಸಿದೆವು.

ದೊಡ್ಡಬಸಪ್ಪನವರು ಸೆಕೆಯೆಂದು ರುಮಾಲು ತೆಗೆದು, ಕೈಗೆ ಎಟುಕಿದ ಪುಟ್ಟಿಯ ಮೇಲಿಟ್ಟರು. ನಾನು ಬೀಜದ ಭತ್ತದ ವಿಚಾರ ತೆಗೆದು, "ನನಗ ಬರೇ ಕಣ್ಣಾಗ ನೋಡಿದ್ರ ಸಾಕ್ರಿ, ಯಾವುದ್ರಾಗ ಜೀವ ಐತಿ, ಯಾವುದ್ರಾಗ ಇಲ್ಲ, ಹೇಳಿಬಿಡ್ತೀನಿ" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಅವರು ತಲೆದೂಗುತ್ತ ರುಮಾಲನ್ನು ಮತ್ತೆ ತಲೆಗೆ ಇಟ್ಟುಕೊಂಡರು.

"ಉಜ್ಜಿನಪ್ಪನೋರ, ನನ್ನ ಕಿವಿಯಾಗ ಯಾರು ಬೆರಳಾಡಿಸ್ತಾರ?"

ನೋಡಿದರೆ ರುಮಾಲಿನಿಂದ ಸಣ್ಣ ಬಾಲವೊಂದು ಕುಚ್ಚಿನಂತೆ ಜೋತಾಡುತ್ತಿದೆ! ಪುಟ್ಟಿಯಿಂದ ಕೇರೆ ಮರಿಗಳು ಸಾಲುಗಟ್ಟಿ ಪಡಸಾಲೆಗೆ ಇಳಿಯುತ್ತಿವೆ! ಕೊಟ್ರಬಸಮ್ಮ ಕಂಬ ತಬ್ಬಿಕೊಂಡರು. ವರ ಮಹಾಶಯ ತೂಗುಮಂಚಕ್ಕೆ ಜಿಗಿದ. ಅದು ಜೀಕಿ ಅವನನ್ನು ಮತ್ತೆ ಮರಿಗಳ ಮೇಲಕ್ಕೇ ಒಯ್ದು ತಂದಿತು.

"ಹೆದರಬ್ಯಾಡ್ರಿ! ಇವು ಕೆಟ್ಟ ತತ್ತಿ! ಇವು ಹುಟ್ಟೋದೇ ಇಲ್ಲ!" ಎಂದು ನಾನು ಕೂಗಿದೆ.

ಪಂಪಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ನೆಟ್ಟಗೆ ಬಂದು ರುಮಾಲಿಗೆ ಕೈ ಹಾಕಿದಳು.

"ಅಲುಗಾಡಬ್ಯಾಡ್ರಿ ಮಾವಾರ, ಕೂಸು ಅಂಜೈತಿ."

ಒಂದೊಂದು ಮರಿಯನ್ನೂ ಮೆಲ್ಲಗೆ ಹಿಡಿದು ಚೀಲಕ್ಕೆ ಬಿಟ್ಟಳು. ಪುಟ್ಟಿಯ ಹೊಟ್ಟಿಗೆ ಇಷ್ಟು ದಿನ ನೀರು ಚಿಮುಕಿಸುತ್ತಿದ್ದವಳೂ ಇವಳೇ ಎಂದು ಆಗಲೇ ಗೊತ್ತಾಯಿತು. 'ಮಾವಾರ' ಎಂಬ ಮಾತು ಬಾಯಿಂದ ಜಾರಿದ್ದು ಅರಿವಾದದ್ದೇ ಆಕೆಯ ಮುಖ ಕೆಂಪಾಯಿತು. ಕೊಟ್ರಬಸಮ್ಮ ಕಂಬ ಬಿಟ್ಟು, ಸೆರಗು ಸರಿಪಡಿಸಿಕೊಂಡು ಕುಳಿತು ಕೇಳಿದರು.

"ಇವುದ್ರಾಗ ಜೀವ ಇಲ್ಲ ಅಂದೋರು ಯಾರು?"

ತಾಯಿ ಮಗಳಿಬ್ಬರೂ ನನ್ನತ್ತ ನೋಡಿದರು.

"ಮತ್ತ ಜೀವ ಐತಿ ಅಂದಿದ್ವು ಎಲ್ಲಿ ಅದಾವು?"

"ಈ ಲೋಬಾನ ಅವಕ್ಕ ಹಾಕಿದ್ದರಿ" ಎಂದಳು ಅಕ್ಕನಾಗಮ್ಮ.

ಸಂಬಂಧ ಮುರಿಯಿತೆಂದು ನಾನು ತಲೆ ತಗ್ಗಿಸಿದೆ. ದೊಡ್ಡಬಸಪ್ಪನವರು ಹೆಂಡತಿಯ ಮುಖ ನೋಡಿದರು.

"ಹುಡುಗಿ ನಮಗ ಒಪ್ಪಿಗಿ ಐತ್ರಿ, ಧೈರ್ಯ ಭಾಳ" ಎಂದರು ಕೊಟ್ರಬಸಮ್ಮ. "ಆದ್ರ ಒಂದು ಕರಾರು."

ನನಗೆ ಹೋದ ಜೀವ ಬಂದಂತಾಯಿತು. "ಏನು ಬೇಕು ಕೇಳ್ರಿ! ಈ ಉಜ್ಜಿನಪ್ಪ ಇಲ್ಲ ಅನ್ನಾಂವಲ್ಲ!"

"ಚೊಚ್ಚಲ ಬಾಣಂತನ ತವರಮನ್ಯಾಗ ಆಗೋದು ಪದ್ಧತಿ. ಅದೊಂದು ಬಿಟ್ಟುಬಿಡ್ರಿ. ನಾವು ಸಂಡೂರಾಗ ಮಾಡ್ಕೋತೀವಿ. ನೀವು ಕೂಸಿಗೆ ಹೆಸರಿಡೋ ದಿನ ಬಂದ್ರ ಸಾಕು!"