ಕೊನೆಯವರಿಗೊಂದು ಸ್ಟೀಲ್ ಲೋಟ

ನಮ್ಮ ಮಾವನವರಿಗೆ ಗೆದ್ದವರನ್ನು ಕಂಡರೆ ಆಗುವುದಿಲ್ಲ. ಹೊಟ್ಟೆಕಿಚ್ಚೆಂದು ತಿಳಿಯಬೇಡಿ. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಮಕ್ಕಳನ್ನು ಓಡಿಸಿ ಓಡಿಸಿ ಅವರಿಗೆ ಹೊಳೆದದ್ದು ಇಷ್ಟು: ಗೆದ್ದವರನ್ನು ಊರೇ ನೋಡಿಕೊಳ್ಳುತ್ತದೆ, ಕೊನೆಗೆ ಬಂದವರನ್ನು ಮೇಷ್ಟ್ರು ನೋಡಿಕೊಳ್ಳಬೇಕು. ತತ್ವ ಚೆನ್ನಾಗಿಯೇ ಇದೆ. ಅದು ತಿಪಟೂರಿನಲ್ಲೇ ಉಳಿದಿದ್ದರೆ ನನ್ನ ಶನಿವಾರಗಳೂ ಉಳಿಯುತ್ತಿದ್ದವು.

ಜರ್ಮನಿಯಲ್ಲಿ ಶನಿವಾರವೆಂದರೆ ಏನೆಂದುಕೊಂಡಿರಿ? ಭಾನುವಾರ ಅಂಗಡಿಗಳೆಲ್ಲ ಬಂದ್. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ತರಕಾರಿ, ಬಟ್ಟೆ, ಧೂಳು, ನಿದ್ದೆ, ಎಲ್ಲಕ್ಕೂ ಇರುವುದು ಶನಿವಾರವೊಂದೇ. ನಾನು ದಕ್ಷಿಣ ಜರ್ಮನಿಯ ನೊಯ್‌ಬಿಬರ್ಗ್‌ನಲ್ಲಿ ವಾರವಿಡೀ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಗಂಡನಿಗೆ ಹ್ಯಾನೋವರ್‌ನಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ದರ್ಶನ. ಬೇಸಿಗೆಯ ಮೂರು ತಿಂಗಳಿಗೆಂದು ಬಂದಿಳಿಯುವ ಮಾವನವರ ಉಸ್ತುವಾರಿ ಪೂರ್ತಿ ನನ್ನದು.

ಅವರನ್ನು ಹಾಳು ಮಾಡಿದ್ದೂ ನಾನೇ ಎನ್ನಿ. ಮೊದಲ ಸಲ ಬಂದಾಗ, ಪಾಪ ಮನೆಯಲ್ಲಿ ಕೂತು ಬೇಜಾರು ಎಂದು, ಆಲ್ಪ್ಸ್ ಬುಡದ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಚಳಿಗಾಲದಲ್ಲಿ ಸ್ಕೀ ಆಡುವವರ ಊರು. ಹಿಮ ಕರಗಿದ ಮೇಲೆ ಪ್ರವಾಸಿಗಳನ್ನು ಹಿಡಿದಿಟ್ಟುಕೊಳ್ಳಲು ವಾರಕ್ಕೊಂದು ಹಬ್ಬ, ವಾರಕ್ಕೊಂದು ಪಂದ್ಯ. ಅಂದು ಬೆಟ್ಟ ಹತ್ತುವ ಓಟವಿತ್ತು. ಎಲ್ಲರೂ ಮುಗಿಸಿ, ಬಹುಮಾನ ಹಂಚಿ, ವೇದಿಕೆ ಬಿಚ್ಚುತ್ತಿದ್ದಾಗ ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಗೆರೆ ದಾಟಿದರು. ಚಪ್ಪಾಳೆ ತಟ್ಟಲೂ ಯಾರೂ ಇರಲಿಲ್ಲ.

"ಇದೇನಮ್ಮ ಇದು, ಇಷ್ಟು ದೊಡ್ಡ ದೇಸ್ದಾಗೆ ಒಂದು ಸಮಾಧಾನಕರ ಬಹುಮಾನ ಇಲ್ವಾ?" ಎಂದರು ಮಾವ. ಆ ವಾರವಿಡೀ ಅದೇ ಮಾತು.

ಮರುವರ್ಷ, ಎಂದರೆ ಹೋದ ಬೇಸಿಗೆಯಲ್ಲಿ, ಅವರ ಪೆಟ್ಟಿಗೆ ತೆರೆದೆ. ಒಂದು ಕಿಲೋ ಚಟ್ನಿಪುಡಿ, ಅವರ ಹಳೆಯ ಸೀಟಿ, ಹನ್ನೆರಡು ಸ್ಟೀಲ್ ಲೋಟ. ಸೊಸೆಗೆಂದೇ ತಂದಿರಬೇಕೆಂದು ಖುಷಿಯಿಂದ ಒಂದನ್ನು ಎತ್ತಿಕೊಂಡೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುವ ಹಾಗೆ ಅದರ ಮೇಲೆ "ಸಮಾಧಾನಕರ ಬಹುಮಾನ" ಎಂದು ಕೊರೆಸಿದ್ದರು.

"ಅದನ್ನ ಮುಟ್ಟಬ್ಯಾಡ ಕಣಮ್ಮ. ಪ್ರೈಜು ಅದು."

ಅಂದಿನಿಂದ ಪ್ರತಿ ಶನಿವಾರ ಬೆಳಗ್ಗೆ ಆರಕ್ಕೆ ಬ್ಯಾಗಿನಲ್ಲಿ ಎರಡು ಲೋಟ, ಚಿತ್ರಾನ್ನದ ಡಬ್ಬಿ. ಎರಡು ರೈಲು, ಒಂದು ಬಸ್ಸು. ರೈಲು ಕೆಟ್ಟರೆ ರೈಲಿನ ಬದಲು ಇನ್ನೊಂದು ಬಸ್ಸು. ಕಾರಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಅಲ್ಲೇ ಇರುವುದು ನನ್ನ ಗೋಳು. ಬೆಂಗಳೂರಿನಲ್ಲಿ ಏಳು ವರ್ಷ ಕಾರು ಓಡಿಸಿದ ನಾನು ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲು. ಮೊದಲ ಸಲ ತಿರುಗುವಾಗ ಭುಜದ ಮೇಲಿಂದ ಹಿಂದೆ ನೋಡಲಿಲ್ಲ. ಎರಡನೆಯ ಸಲ ಬಲಗಡೆಯಿಂದ ಬಂದ ಕಾರಿಗೆ ದಾರಿ ಬಿಡಲಿಲ್ಲ. ಮೂರನೆಯ ಸಲ ರಸ್ತೆ ದಾಟುತ್ತಿದ್ದ ಅಜ್ಜನಿಗೆ, ನಾನು ಇಲ್ಲಿದ್ದೇನೆ ನೋಡಿ ಎಂದು ಮರ್ಯಾದೆಯಾಗಿ, ಮೆತ್ತಗೆ ಹಾರ್ನ್ ಮಾಡಿದೆ. ಅಜ್ಜ ಬೆಚ್ಚಿ ನಡುರಸ್ತೆಯಲ್ಲೇ ನಿಂತುಬಿಟ್ಟರು. ಪರೀಕ್ಷಕರು ಕಾರನ್ನು ಪಕ್ಕಕ್ಕೆ ಹಾಕಿಸಿ, ಪೆನ್ನಿನ ಮುಚ್ಚಳ ತೆಗೆದರು.

ನಗು ಬರುತ್ತದೆ, ನಿಜ. ಆದರೆ ಊರಾಚೆ ತೆರೆಯುತ್ತಿದ್ದ ಹೊಸ ಲ್ಯಾಬಿನ ಹೊಣೆಯನ್ನು ನನಗೆ ಕೊಡುವುದಾಗಿ ಬಾಸ್ ಹೇಳಿದ್ದರು. ಬೆಳಗ್ಗೆ ಆರಕ್ಕೆ ಶಿಫ್ಟು, ಆ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಆಗಸ್ಟ್ ಕೊನೆಯೊಳಗೆ ಲೈಸೆನ್ಸ್ ಇದ್ದರೆ ನನಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಆರು ವರ್ಷ ಕಾದಿದ್ದ ಕೆಲಸವದು. ಇಂಥ ಹೊತ್ತಿನಲ್ಲಿ ನಾನು ರೈಲಿನಲ್ಲಿ ತೂಕಡಿಸುತ್ತಾ ಲೋಟ ಹಂಚಲು ಹೋಗುತ್ತಿದ್ದೆ.

ಒಂದು ಶನಿವಾರ ಹಬ್ಬದ ಡೇರೆಯಲ್ಲಿ ಅಗ್ನಿಶಾಮಕ ದಳಕ್ಕೂ ವಾದ್ಯದವರಿಗೂ ಹಗ್ಗಜಗ್ಗಾಟ. ವಾದ್ಯದವರ ಕೊನೆಯ ಆಸಾಮಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದು ಮಾವನವರ ಕಣ್ಣಿಗೆ ಬಿತ್ತು. ಸೀಟಿ ಊದಿಯೇಬಿಟ್ಟರು! ಜರ್ಮನ್ನರಿಗೆ ಸೀಟಿ ಕೇಳಿದರೆ ಸಾಕು, ಯಾರು ಊದಿದರೆಂದು ನೋಡುವುದಿಲ್ಲ. ಹದಿನಾರು ಜನ ಹಗ್ಗ ಕೆಳಗಿಟ್ಟು ನೆಟ್ಟಗೆ ನಿಂತರು. ನಿಜವಾದ ಅಂಪೈರು ಬಿಯರ್ ಲೋಟ ಹಿಡಿದೇ, ಮುಂದಿನದ್ದನ್ನೂ ನೀವೇ ನೋಡಿಕೊಳ್ಳಿ ಎಂದುಬಿಟ್ಟರು. ವಾದ್ಯದವರು ಸೋತರು. ಎಂಟು ಜನಕ್ಕೆ ಒಂದೇ ಲೋಟ ಸಿಕ್ಕಿತು. ಅದಕ್ಕೆ ಬಿಯರ್ ಸುರಿದು ಸರದಿಯ ಮೇಲೆ ಕುಡಿದರು.

ಮಾವ ಮುಖ ತಿರುಗಿಸಿಕೊಂಡು, "ಮಜ್ಜಿಗೆ ಕುಡೀಲಿ ಅಂತ ಕೊಟ್ಟಿದ್ದು" ಎಂದರು.

ಲೋಟದ ಸುದ್ದಿ ಊರಿಗೆಲ್ಲ ಹಬ್ಬಿತು. ಕೆರೆಯ ಈಜು ಪಂದ್ಯದಲ್ಲಿ ಇಬ್ಬರು ಮುದುಕರು ದಡಕ್ಕೆ ಎರಡು ಮಾರು ಇರುವಾಗ ಈಜು ನಿಲ್ಲಿಸಿ, ನೀವು ಮೊದಲು, ಇಲ್ಲ ನೀವು ಮೊದಲು ಎಂದು ಹತ್ತು ನಿಮಿಷ ತೇಲುತ್ತಿದ್ದರು. ಬಟ್ಟೆ ಒಗೆಯದೆ ಬಂದಿದ್ದ ನಾನು ದಡದಲ್ಲಿ ಕಾಯುತ್ತಿದ್ದೆ.

ಆಗಸ್ಟ್ ನಡುವಿಗೆ ಮತ್ತದೇ ಬೆಟ್ಟದ ಓಟ. ಮಾವ ಗೆರೆಯ ಬಳಿ ಎರಡು ಗಂಟೆ ಕಾದು, ಕೊನೆಗೆ ಬಂದ ಒಬ್ಬ ದಪ್ಪನೆಯ ಹೆಂಗಸಿಗೆ ಲೋಟ ಕೊಟ್ಟರು. ಅವಳು ಅದನ್ನು ಎದೆಗೊತ್ತಿಕೊಂಡು ಹುಲ್ಲಿನ ಮೇಲೆ ಕೂತಳು. ಅಷ್ಟರಲ್ಲಿ ಅವಳ ಹಿಂದೆ ಹಳದಿ ಅಂಗಿಯ ಇನ್ನೊಬ್ಬ ಬಂದ, ಬೆನ್ನಿಗೆ ಒಂದು ಪೊರಕೆ ಕಟ್ಟಿಕೊಂಡಿದ್ದ. ಮಾವ ಗಾಬರಿಯಾದರು. ಕೊನೆಯವನು ಇವನು! ಓಡಿಹೋಗಿ ಅವನ ಕೈಗೂ ಒಂದು ಲೋಟ ತುರುಕಿದರು. ಅವನು ನಗುತ್ತಾ ನನಗೆ ಜರ್ಮನ್‌ನಲ್ಲಿ ಏನೋ ಹೇಳಿದ.

"ಮಾವ, ಇವ್ರು ಪಂದ್ಯದಲ್ಲೇ ಇಲ್ಲ. ಬೆಟ್ಟದ ಮೇಲೆ ಯಾರೂ ಹಿಂದೆ ಉಳೀದೇ ಇರ್ಲಿ ಅಂತ ಎಲ್ಲರ ಹಿಂದೆ ಗುಡಿಸ್ಕೊಂಡು ಬರೋದೇ ಇವ್ರ ಡ್ಯೂಟಿ, ಅದಕ್ಕೇ ಆ ಪೊರಕೆ. ಲೋಟ ವಾಪಸ್ ತಗೊಳ್ಳಿ ಅಂತಿದಾರೆ."

ಮಾವ ಆತನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಂಗಾರೆ ಇವ್ರು ಪಿ.ಟಿ. ಮೇಷ್ಟ್ರು ಅನ್ನು. ಇರ್ಲಿ, ಮಡಿಕ್ಕಳ್ಳಿ ಅನ್ನು."

ಹನ್ನೆರಡರಲ್ಲಿ ಒಂದೇ ಒಂದು ಲೋಟ ಉಳಿಯಿತು.

ಆಗಸ್ಟ್ ಕೊನೆಯ ವಾರ ನನ್ನ ನಾಲ್ಕನೆಯ ಪರೀಕ್ಷೆ. ಅದಾದ ಎರಡು ದಿನಕ್ಕೆ ಮಾವನವರ ವಿಮಾನ. ಬರಬೇಡಿ ಎಂದರೂ ಬಂದು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಲೋಟದ ಬ್ಯಾಗು ಹಿಡಿದು ಡ್ರೈವಿಂಗ್ ಸ್ಕೂಲಿನ ಮುಂದೆ ನಿಂತರು. ಭುಜದ ಮೇಲಿಂದ ನೋಡಿದೆ, ಬಲಗಡೆಯವರಿಗೆಲ್ಲ ದಾರಿ ಬಿಟ್ಟೆ, ಹಾರ್ನ್‌ನ ಹತ್ತಿರ ಕೈ ಸುಳಿಯಲಿಲ್ಲ. ಭಯಕ್ಕೆ ಎಷ್ಟು ನಿಧಾನ ಓಡಿಸಿದೆನೆಂದರೆ ಹಿಂದೆ ಕಾರುಗಳ ಮೆರವಣಿಗೆ. ಕೊನೆಗೆ ಸೈಕಲ್ಲೊಂದು ಅಡ್ಡ ಬಂದು ನಾನು ಗಕ್ಕನೆ ಬ್ರೇಕ್ ಹಾಕಿದೆ, ಪಕ್ಕದಲ್ಲಿ ಕೂತಿದ್ದ ಡ್ರೈವಿಂಗ್ ಮೇಷ್ಟ್ರು ತಮ್ಮ ಕಡೆಯ ಬ್ರೇಕನ್ನು ಇನ್ನೂ ಗಕ್ಕನೆ ಒತ್ತಿದರು. ಅವರ ಕಾಲು ಬ್ರೇಕಿಗೆ ಹೋಯಿತೆಂದರೆ ಕಥೆ ಮುಗಿದಂತೆ.

ಮಾವನವರಿಗೆ ಹೇಳಬೇಕಾಗಿ ಬರಲಿಲ್ಲ. ನನ್ನ ಮುಖ ನೋಡಿ ದಾರಿ ಬಿಟ್ಟರು. ನಾನು ಮನೆ ಕಡೆ ದಾಪುಗಾಲು ಹಾಕಿದೆ. ಲ್ಯಾಬು ಹೋಯಿತು. ಬಾಸ್‌ಗೆ ಏನು ಹೇಳಲಿ, ಗಂಡನಿಗೆ ಏನು ಹೇಳಲಿ? ಇವರು ಈಗ ಆ ಹನ್ನೆರಡನೆಯ ಲೋಟ ತೆಗೆದು ಕೈಗಿಡುತ್ತಾರೆ, ನಾನು ಬೀದಿಯಲ್ಲೇ ಅತ್ತುಬಿಡುತ್ತೇನೆ ಎಂದು ಹೆದರಿಕೆಯಾಯಿತು. ಬೇಕರಿಯ ತಿರುವು ಬಂತು. ತಡೆಯಲಾರದೆ ನಾನೇ ತಿರುಗಿ ನಿಂತೆ.

"ಕೊಟ್ಬಿಡಿ ಮಾವ. ಒಂದು ಲೋಟ ಉಳಿದಿದೆಯಲ್ಲ. ನನಗಿಂತ ಕೊನೆಯವರು ಯಾರಿದಾರೆ?"

ಅವರು ಬ್ಯಾಗನ್ನು ಕಂಕುಳಿಗೆ ಒತ್ತಿ ಹಿಡಿದುಕೊಂಡರು.

"ನಿಂಗೆ ಕೊಡಕ್ಕಾಗಲ್ಲ ಕಣಮ್ಮ. ಅದು ಓಟ ಮುಗಿಸ್ದೋರಿಗೆ. ನೀನಿನ್ನೂ ಓಡ್ತಿದೀಯ."

ಹೆದರಿದ್ದಂತೆಯೇ ಬೀದಿಯಲ್ಲಿ ಅತ್ತೆ. ಆ ಬೇಸಿಗೆಯಿಡೀ ನಾನು ಹಾಳಾಯಿತೆಂದು ಲೆಕ್ಕ ಹಾಕಿದ್ದ ಶನಿವಾರಗಳೆಲ್ಲ ನೆನಪಾಗಿ ನಾಚಿಕೆಯೂ ಆಯಿತು. ಮಾವ ಕರ್ಚೀಫು ಕೊಟ್ಟರು, ನಾನು ಮೂಗು ಒರೆಸಿಕೊಳ್ಳುವವರೆಗೆ ಬೇಕರಿಯ ಬನ್ನುಗಳನ್ನು ನೋಡುತ್ತಾ ನಿಂತರು.

"ನಡಿ," ಎಂದರು ಆಮೇಲೆ. "ನಿಧಾನಕ್ಕೇ ಹೋಗು. ಹಿಂದ್ಗಡೆ ನಾನು ಬರ್ತೀನಿ."

ಮನೆ ಇನ್ನೂ ಒಂದು ಮೈಲಿಯಿತ್ತು. ನಾನು ಮುಂದೆ ನಡೆದೆ. ಹಿಂದೆ ತಿರುಗಿ ನೋಡುವ ಅಗತ್ಯವಿರಲಿಲ್ಲ, ಕ್ಯಾನ್ವಾಸ್ ಶೂಗಳ ಸದ್ದು ಬಾಗಿಲವರೆಗೂ ಕೇಳಿಸುತ್ತಲೇ ಇತ್ತು.