ಗಲ್ಲಾದ ಕಂಪ್ಯೂಟರಿಗೆ ಮುಖ ಹುಡುಕಿದ್ದು

ಠಾಣೆ ಪಟ್ಟಣದ ಖಾಡಿಯ ಹಿನ್ನೀರು ದಾಟಿದ ಮೊದಲನೇ ಕಂಪ್ಯೂಟರು ನನ್ನ ತಲೆಯ ಮೇಲೆ ಕೂತು ದಾಟಿದ್ದು. ಆಚೆ ದಡದ ಕಳವಾ ಊರಿನಿಂದ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಗೆ. ಲೋಕಲ್ ಟ್ರೇನಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಟವೆಲಿನ ಸಿಂಬಿ ಸುತ್ತಿ ತಲೆಗೇರಿಸಿ ಸೇತುವೆಯ ಮೇಲೆ ನಡೆದೇ ಬಂದೆ. ಕಂಡವರು ಇಬ್ಬರು, ಕಾರ್ಖಾನೆಯ ಸೇಟು ಮತ್ತು ಗೇಟಿನ ವಾಚ್‌ಮನ್. ಇಬ್ಬರೂ ಈಗಿಲ್ಲ. ಸೇತುವೆ ಇದೆ, ಸಂಶಯ ಇದ್ದವರು ಅದನ್ನೇ ಹೋಗಿ ಕೇಳಬಹುದು. ಅವತ್ತಿನಿಂದ ಕಂಪ್ಯೂಟರಿಗೂ ನನಗೂ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೇಷ್ಟ್ರ ಕೋಣೆಗೆ ಚಹಾ ಕೊಡಲಿಕ್ಕೆ ಮಾತ್ರ. ಉಡುಪಿ ಕಡೆಯಿಂದ ಬಂದು, ಕಪ್ಪು ಬಸಿ ತೊಳೆದು, ಕಡೆಗೆ ಇದೇ ವಾಗ್ಳೆ ಎಸ್ಟೇಟಿನಲ್ಲಿ ಸ್ವಂತ ಹೋಟೆಲು ಮಾಡಿ ಗಲ್ಲಾದ ಕುರ್ಚಿಯಲ್ಲಿ ಕೂತವನು. ಮೊನ್ನೆ ಮೊನ್ನೆ ಆ ಕುರ್ಚಿಗೇ ಕುತ್ತು ಬಂತು.

ಹಿಟ್ಟು ಉಬ್ಬಿದ್ದು

ಬಿಲ್ಲು ಮಾಡುವ ಹಳೇ ಕಂಪ್ಯೂಟರು ಒಂದು ಬೆಳಗ್ಗೆ ಏಳಲೇ ಇಲ್ಲ. ಮಗ ಅಂದ, "ಅಪ್ಪ, ಇದಕ್ಕೆ ವಯಸ್ಸಾಯಿತು. ನಿಮಗೂ ಆಯಿತು. ತುರ್ಭೆಯಿಂದ ಒಬ್ಬ ಮ್ಯಾನೇಜರನ್ನು ತರ್ತೇನೆ, ಅವನ ಹತ್ರ ಟ್ಯಾಬ್ಲೆಟ್ ಇದೆ. ನೀವು ಡೊಂಬಿವ್ಲಿ ಮನೆಯಲ್ಲಿ ಆರಾಮ ಕೂತ್ಕೊಳ್ಳಿ."

ಡೊಂಬಿವ್ಲಿಯಲ್ಲಿ ಆರಾಮ ಕೂತವರನ್ನು ನಾನು ನೋಡಿದ್ದೇನೆ. ಬೆಳಗ್ಗೆ ಬಾಲ್ಕನಿಯಲ್ಲಿ ಕೂತು ಸಂಜೆಯವರೆಗೆ ರಿಕ್ಷಾದವರ ಜಗಳ ಕೇಳುತ್ತಾರೆ, ಅದರಲ್ಲೂ ಅವರಿಗೆ ಪಾಲಿಲ್ಲ.

ಸೊಸೆ ಅಡ್ಡ ಬಂದಳು. ಕಲ್ಯಾಣದ ಮರಾಠಿ ಹುಡುಗಿ, ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತದ್ದು. "ಅಹೋ ಬಾಬಾ, ಇದಕ್ಕೆ ಲಿನಕ್ಸ್ ಅಂತ ಬೇರೆ ಸಿಸ್ಟಮ್ ಹಾಕುವಾ. ಹಳೇ ಮಶೀನಿನಲ್ಲೂ ಓಡ್ತದೆ. ಮುಖ ಮಾತ್ರ ನೀವೇ ಆರಿಸ್ಬೇಕು."

"ಎಂಥ ಮುಖ?"

"ಡೆಸ್ಕ್‌ಟಾಪ್. ಒಳಗಿನ ಇಂಜಿನ್ ಒಂದೇ, ಹೊರಗಿನ ಮುಖ ಬೇರೆ ಬೇರೆ."

ಒಂದೇ ಹಿಟ್ಟಿನಲ್ಲಿ ದೋಸೆ, ಉತ್ತಪ್ಪ, ಪಡ್ಡು ಮಾಡಿದವನಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಮಗ ಷರತ್ತು ಹಾಕಿದ. ಬರುವ ಸೋಮವಾರ ಮಧ್ಯಾಹ್ನ ಊಟದ ಗರ್ದಿಯಲ್ಲಿ ಅವನು ಬಂದು ನಿಲ್ಲುವುದು; ಗಿರಾಕಿಗಳ ಸಾಲು ಗಲ್ಲಾದಲ್ಲಿ ನಿಲ್ಲದೆ ಸಾಗಿದರೆ ಕುರ್ಚಿ ನನ್ನದು, ನಿಂತರೆ ತುರ್ಭೆಯವನದು.

ಸೊಸೆ ಹಾಕಿದ ಮೊದಲನೇ ಮುಖ ಮದುವೆ ಮಂಟಪದ ಹಾಗಿತ್ತು. ಬಿಲ್ಲಿನ ಕಿಟಕಿಯನ್ನು ಎಳೆದರೆ ಅದು ಹಲ್ವದ ಹಾಗೆ ಅಲುಗಾಡುತ್ತಿತ್ತು. ಸುದ್ದಿ ತುರ್ಭೆಯವರೆಗೆ ಹೋಯಿತು. ನೋಡಲು ಬಂದವರು ಒಂದು ಕಾಫಿಗೆ ಎರಡು ಕಾಫಿ ಕುಡಿದರು. ಒಬ್ಬನಿಗೆ ತಲೆ ತಿರುಗಿ, ಬಾಗಿಲ ಬಳಿ ಕೂರಿಸಿ ನಿಂಬೆ ಶರಬತ್ತು ಕೊಡಬೇಕಾಯಿತು.

ಆದರೆ ಇಷ್ಟೆಲ್ಲ ಕುಣಿದು ಹಳೇ ಮಶೀನಿಗೆ ಜ್ವರ ಬಂತು. ಪಕ್ಕದಲ್ಲಿಟ್ಟಿದ್ದ ದೋಸೆಹಿಟ್ಟು ತಿಂಡಿಯ ಹೊತ್ತು ಮುಗಿಯುವುದರೊಳಗೆ ಉಬ್ಬಿ, ಮುಚ್ಚಳ ಎತ್ತಿ, ಗಲ್ಲಾದ ಕಡೆ ಇಣುಕಿತು. ಸೊಸೆ ಆ ಮುಖ ತೆಗೆದಳು. ಬೇಡ ಅಂತ ಗೋಗರೆದವರು ನಮ್ಮ ಅಡುಗೆ ಭಟ್ಟರು ಒಬ್ಬರೇ.

ಎ.ಸಿ. ರೂಮು

ಎರಡನೆಯದು ಸಭ್ಯ ಮುಖ. ಅದರಲ್ಲಿ ಒಂದರ ಹಿಂದೆ ಒಂದು ನಾಲ್ಕು ಪರದೆ. "ನಾಲ್ಕು ರೂಮು ಇದ್ದ ಹಾಗೆ ಬಾಬಾ, ಹೇಗೆ ಬೇಕೋ ಹಾಗೆ ಉಪಯೋಗಿಸಿ" ಅಂದಳು ಸೊಸೆ. ಹೋಟೆಲಿನವನಿಗೆ ರೂಮು ಅಂದರೆ ಗೊತ್ತಿಲ್ಲವೇ. ಮೊದಲನೆಯದು ಹಾಲ್, ಎರಡನೆಯದು ಫ್ಯಾಮಿಲಿ ರೂಮು, ಮೂರನೆಯದು ಪಾರ್ಸೆಲ್, ನಾಲ್ಕನೆಯದು ಎ.ಸಿ. ನಮ್ಮಲ್ಲಿ ಎ.ಸಿ. ಇಲ್ಲ. ಕಂಪ್ಯೂಟರು ಕೊಟ್ಟಿದೆ, ಬೇಡ ಅನ್ನುವುದು ಯಾಕೆ?

ಕಳವಾ ಊರಿನ ರೈಲು ಶೆಡ್ಡಿನಲ್ಲಿ ದುಡಿದು ರಿಟೈರಾದ ಧಾರವಾಡದವರೊಬ್ಬರು ನಮ್ಮ ಖಾಯಂ ಗಿರಾಕಿ. ಫ್ಯಾನಿನ ಕೆಳಗೆ ಕೂತು ಉಂಡು, ಬಿಲ್ಲು ನೋಡಿ ಅಂದರು, "ಅಣ್ಣಾರ, ಎ.ಸಿ. ರೇಟ್ ಹಾಕೀರಲ್ರಿ. ಎ.ಸಿ. ಎಲ್ಲೈತಿ?"

"ನಿಮ್ಮ ಬಿಲ್ಲು ನಾಲ್ಕನೇ ರೂಮಿನಲ್ಲಿ ತೆರೆದಿದೆ ಮಾರಾಯ್ರೆ."

"ಬಿಲ್ ಎ.ಸಿ. ಒಳಗ ಕುಂತೈತಿ, ನಾ ಹೊರಗ ಬೆವರಾಕತ್ತೀನಿ. ರೊಕ್ಕ ಅದರ ಕಡೆನ ಇಸ್ಕೋರಿ."

ಪಂಕ್ತಿ

ಮೂರನೆಯದಕ್ಕೆ ಮುಖವೇ ಇರಲಿಲ್ಲ. ಬರೀ ಕರಿ ಪರದೆ. ಮೌಸು ಬೇಡ, ಎಲ್ಲ ಕೀಲಿಮಣೆಯಲ್ಲೇ.

"ಇದು ವಿಂಡೋ ಮ್ಯಾನೇಜರ್ ಬಾಬಾ."

"ಇಲ್ಲೂ ಮ್ಯಾನೇಜರಾ? ತುರ್ಭೆಯವನಾ?"

"ಕೇಳಿ ತೋ. ಇದು ಕಿಟಕಿಗಳನ್ನು ಒಂದರ ಮೇಲೊಂದು ಬೀಳಲಿಕ್ಕೆ ಬಿಡುವುದಿಲ್ಲ. ಹೊಸದು ಬಂದರೆ ಉಳಿದದ್ದೆಲ್ಲ ಸರಿದು ಜಾಗ ಕೊಡ್ತವೆ."

ನನಗೆ ತಟ್ಟನೆ ಹೊಳೆಯಿತು. ಇದು ಪಂಕ್ತಿ ಊಟ. ಮಠದಲ್ಲಿ ಎಷ್ಟು ಸಲ ಬಡಿಸಿಲ್ಲ ನಾನು? ಇದೇ ಆಯಿತು ಅಂದೆ.

ಪಂಕ್ತಿಗೆ ಒಂದು ನಿಯಮ ಉಂಟು. ಕೊನೆಯವನ ಊಟ ಮುಗಿಯದೆ ಮೊದಲಿನವನು ಏಳುವಂತಿಲ್ಲ. ಹಾಗಾಗಿ ಸೋಮವಾರ ಬೆಳಗ್ಗೆಯಿಂದ ನಾನು ಒಂದು ಬಿಲ್ಲನ್ನೂ ಮುಚ್ಚಲಿಲ್ಲ. ತಿಂಡಿಯ ಹೊತ್ತಿಗೆ ಒಂದೊಂದು ಬಿಲ್ಲು ಬಾಳೆಎಲೆ ಅಗಲ ಇತ್ತು. ಆಮೇಲೆ ನುಗ್ಗೆಕಾಯಿ. ಊಟ ಶುರುವಾಗುವಾಗ ಶ್ಯಾವಿಗೆ.

ಆಫೀಸಿಗೆ ರಜೆ ಹಾಕಿ ಬಂದಿದ್ದ ಸೊಸೆ ತಲೆ ಹಿಡಿದುಕೊಂಡಳು. "ಬಾಬಾ, ಮುಗಿದವರದ್ದು ಮುಚ್ಚಿ."

"ಪಂಕ್ತಿಯ ನಡುವೆ ಎಲೆ ಎತ್ತುವ ಪಾಪ ನನಗೆ ಬೇಡ" ಅಂದೆ.

ಅಷ್ಟರಲ್ಲಿ ಮಗ ಬಂದ, ಜೊತೆಗೆ ತುರ್ಭೆಯವನು, ಕಂಕುಳಲ್ಲಿ ಟ್ಯಾಬ್ಲೆಟ್. ಇಬ್ಬರೂ ಗಲ್ಲಾದ ಆಚೆ ನಿಂತರು. ಅವರಿಗೆ ಕಾಣುವುದು ಕಂಪ್ಯೂಟರಿನ ಬೆನ್ನು. ಎಸ್ಟೇಟಿನ ಗೇಟುಗಳೆಲ್ಲ ಒಟ್ಟಿಗೆ ತೆರೆದು ಜನ ನುಗ್ಗಿದರು. ನಾನು ಕಣ್ಣು ಪರದೆಗೆ ನೆಟ್ಟೆ, ಬೆರಳು ಓಡಿಸಿದೆ. ಶ್ಯಾವಿಗೆಯಷ್ಟು ಸಪೂರ ಬಿಲ್ಲುಗಳನ್ನು ಓದಿ ಓದಿ ಹೇಳಿದೆ. ನೀಲಿ ಅಂಗಿ, ರೈಸ್‌ಪ್ಲೇಟು, ಮೇಲೊಂದು ಮಜ್ಜಿಗೆ. ಕನ್ನಡಕ, ಪೂರಿ ಭಾಜಿ, ಹಪ್ಪಳ ಬೇರೆ. ಒಬ್ಬನಾದರೂ ಲೆಕ್ಕ ತಪ್ಪು ಅನ್ನಲಿಲ್ಲ. ಸಾಲು ಹೊಳೆಯ ಹಾಗೆ ಹರಿಯಿತು. ಪ್ರಿಂಟು ಕೇಳಲು ಯಾರಿಗೂ ಪುರುಸೊತ್ತಿಲ್ಲ, ಎಲ್ಲರಿಗೂ ಡ್ಯೂಟಿ.

ತುರ್ಭೆಯವನು ಬಾಯಿ ತೆರೆದು ನಿಂತಿದ್ದ. "ಶೇಟ್, ಕೌನ್ಸಾ ಸಾಫ್ಟ್‌ವೇರ್ ಹೈ?"

"ಪಂಕ್ತಿ" ಅಂದೆ. ಅವನು ಅಲ್ಲೇ ಟ್ಯಾಬ್ಲೆಟಿನಲ್ಲಿ ಹುಡುಕತೊಡಗಿದ. ಮಗ ಅವನಿಗೆ ಊಟ ಹಾಕಿಸಿ ಕಳಿಸಿದ, ನನ್ನ ಹತ್ತಿರ ಬಂದು, "ಕುರ್ಚಿ ನಿಮ್ಮದೇ ಅಪ್ಪ" ಅಂದ.

ನಿನ್ನೆ ಸಂಜೆ ಇದನ್ನೇ ಧಾರವಾಡದವರಿಗೆ ಹೇಳುತ್ತಿದ್ದೆ. ಅವರು ಬಸಿಗೆ ಚಹಾ ಸುರಿದುಕೊಂಡು ಕೇಳಿದರು, "ಅಷ್ಟ್ ಸಣ್ಣದು ಹ್ಯಾಂಗ ಓದಿದ್ರಿ ಅಣ್ಣಾರ?"

"ಅದಕ್ಕೆ ಕಣ್ಣು ಬೇಕು."

ಪಕ್ಕದ ಟೇಬಲಿನಲ್ಲಿ ಸೊಸೆ ವಡೆ ತಿನ್ನುತ್ತಿದ್ದಳು. ತಲೆ ಎತ್ತದೆ ಅಂದಳು, "ಬಾಬಾ, ಅವತ್ತು ಊಟ ಶುರು ಆಗುವಾಗಲೇ ಚಟ್ನಿ ಮುಗಿದಿತ್ತು. ಮಿಕ್ಸರ್ ಹಾಕಲಿಕ್ಕೆ ಭಟ್ರು ನಿಮ್ಮ ಕಂಪ್ಯೂಟರಿನ ಪ್ಲಗ್ ತೆಗೆದಿದ್ರು. ಗರ್ದಿ ಎಲ್ಲ ಹೋದ ಮೇಲೆ ನಾನೇ ತಿರುಗಿ ಹಾಕಿದ್ದು. ಅಷ್ಟು ಹೊತ್ತು ಬಂದ್ ಪರದೆಯಲ್ಲಿ ನೀವು ಏನು ಓದ್ತಾ ಇದ್ರಿ?"

ಧಾರವಾಡದವರು ಬಸಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಬಾಗಿಲ ಕಡೆ ನೋಡಿದೆ. ಮಗ ಎಲ್ಲೂ ಕಾಣಲಿಲ್ಲ. ಭುಜ ಹಾರಿಸಿದೆ.

"ಅವತ್ತಿನ ಚಟ್ನಿಯಲ್ಲಿ ಯಾರಾದರೂ ತಪ್ಪು ಹುಡುಕಿದರಾ, ಅದು ಹೇಳು."