ಮೊದಲೇ ಬರೆದಿಟ್ಟ ಪ್ರವಾಸ

ಊರು ಸುತ್ತಿ ಬಂದು ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೊರಡುವುದಕ್ಕೆ ಐದು ದಿನ ಮೊದಲೇ ಎಲ್ಲವನ್ನೂ ಬರೆದು, ಅಂಚೆಗೂ ಹಾಕಿ, ಆಮೇಲೆ ನಿಶ್ಚಿಂತೆಯಿಂದ ಊರು ಸುತ್ತಲು ಹೊರಡುತ್ತಿದ್ದವರು ನನಗೆ ಗೊತ್ತಿರುವಂತೆ ನಮ್ಮ ಭಾವ ಒಬ್ಬರೇ!

ಎಪ್ಪತ್ತರ ದಶಕದ ಆರಂಭ. ಭಾವ ಮಟ್ಟಾಂಚೇರಿಯ ಒಂದು ಬ್ಯಾಂಕಿನಲ್ಲಿದ್ದರು, ಮನೆ ಪಾಲಾರಿವಟ್ಟಂನಲ್ಲಿ. ನನಗೂ ಆಗಷ್ಟೇ ಕೊಚ್ಚಿಗೆ ವರ್ಗವಾಗಿ, ಅಕ್ಕನ ಕೈಯಡುಗೆಯ ಆಸೆಗೆ ಅವರ ಮನೆಯಲ್ಲೇ ಬಿಡಾರ ಹೂಡಿದ್ದೆ. ಭಾವನ ಕಾಗದ ಹೋಗುತ್ತಿದ್ದದ್ದು ಮೈಸೂರಿನಲ್ಲಿದ್ದ ಅವರ ತಂಗಿಗೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಆಕೆಗೆ ನಡೆಯಲು ಆಗುತ್ತಿರಲಿಲ್ಲ. ಹೋಗಿ ಬಂದ ಮೇಲೆ ಬರೆದರೆ ಏನು ನಷ್ಟ ಎಂದು ಕೇಳಿದೆ.  ತಾವು ತಂಗಿಗೆ ಈವರೆಗೆ ಒಂದೇ ಒಂದು ಸುಳ್ಳೂ ಬರೆದವರಲ್ಲ ಎಂದು ಮಾತ್ರ ಭಾವ ಹೇಳಿದರು. ಹಾಗಾದರೆ ಬರೆದದ್ದನ್ನು ನಿಜ ಮಾಡುವ ಹೊಣೆ ಯಾರದ್ದು? ನಮ್ಮದು!

ಒಂದು ಭಾನುವಾರ ಭಾವ, ಅಕ್ಕ, ಅವರ ಮಗಳು, ನಾನು ನಾಲ್ವರೂ ಪೆರುಂಬಾವೂರಿನ ಕಡೆಗೆ ಹೊರಟೆವು. ಅಲ್ಲೊಂದು ಹಳ್ಳಿಯಲ್ಲಿ ನೆಲದ ಮೇಲೆ ಬಣ್ಣದ ಪುಡಿಗಳಿಂದ ದೇವಿಯ ಚಿತ್ರ ಬರೆಯುವ ಮನೆತನವಿತ್ತು. ಅದರಾಚೆಗೆ ವಿಚಿತ್ರ ಆಕಾರದ ಬಂಡೆಗಳು. ಭಾವ ಆ ಊರಿನವರೇ ಆದ ಸಹೋದ್ಯೋಗಿಯಿಂದ ಎಲ್ಲ ಕೇಳಿ ತಿಳಿದು, ಗಂಟೆ ನಿಮಿಷ ಸಮೇತ ಬರೆದು ಮುಗಿಸಿದ್ದರು. ಕಾಗದದ ನಕಲು ಜೇಬಿನಲ್ಲಿತ್ತು. ಎಂಟೂವರೆಗೆ ಟ್ಯಾಕ್ಸಿ ನಿಲ್ಲಿಸಿ ಇಡ್ಲಿ ತಿನ್ನಬೇಕಿತ್ತು. ನನಗೆ ಹಸಿವಿಲ್ಲ ಎಂದೆ. ನೀನು ಮೂರು ತಿಂದೆ ಅಂತ ಬರೆದಾಗಿದೆ ಎಂದರು. ತಿಂದೆ.

ಹತ್ತು ಗಂಟೆಗೆ ದೇವಿ ಕಣ್ಣು ತೆರೆದು ನಮ್ಮನ್ನೆಲ್ಲ ನೋಡಬೇಕಿತ್ತು. ನಾವು ಹೋದಾಗ ಚಿತ್ರ ಬರೆಯುವ ಮುದುಕರು ಅಕ್ಕಿಹಿಟ್ಟು, ಅರಿಶಿನ, ಇದ್ದಿಲ ಪುಡಿ ಸುತ್ತ ಇಟ್ಟುಕೊಂಡು ಇನ್ನೂ ದೇವಿಯ ಸೊಂಟದ ಹತ್ತಿರ ಇದ್ದರು. ಕಣ್ಣು ಬರೆಯುವುದು ಎಲ್ಲ ಮುಗಿದ ಮೇಲೆ, ಸಂಜೆಗೆ. ಭಾವ ತಮ್ಮ ಹರಕುಮುರುಕು ಮಲಯಾಳದಲ್ಲಿ ಅರ್ಧ ಗಂಟೆ ಅಂಗಲಾಚಿದರು. ಮುದುಕರಿಗೆ ಏನು ಅರ್ಥವಾಯಿತೋ, ನಕ್ಕು ಎದ್ದು ಬಂದು, ಜಗಲಿಯ ಮೂಲೆಯಲ್ಲಿ ಮೂಗಿಲ್ಲದ, ಮುಖವಿಲ್ಲದ, ಬರೀ ಎರಡು ಕಣ್ಣು ಬರೆದುಕೊಟ್ಟರು. ಭಾವ ಗಡಿಯಾರ ನೋಡಿದರು. ಸರಿಯಾಗಿ ಹತ್ತು! ನಮ್ಮನ್ನೆಲ್ಲ ಆ ಕಣ್ಣುಗಳ ಮುಂದೆ ಸಾಲಾಗಿ ನಿಲ್ಲಿಸಿದರು.

ಬಂಡೆಯದು ಇನ್ನೂ ಕಷ್ಟದ ಕೆಲಸ. ಕಾಗದದಲ್ಲಿ ಆನೆಯಂಥ ಬಂಡೆ ಎಂದಿತ್ತು. ಒಂದರ ಮೇಲೊಂದು ಕೂತಿದ್ದ ಆ ಕಲ್ಲುಗಳು ನನಗಂತೂ ಕಪ್ಪೆಯಂತೆ ಕಂಡವು. ಕೊಚ್ಚಿಯಲ್ಲೇ ಬೆಳೆದ ಭಾವನ ಮಗಳು, "ಅಚ್ಛಾ, ಅದು ಆನಯಲ್ಲ, ತವಳಯಾ" ಎಂದು ಅಪ್ಪನನ್ನು ಮಲಯಾಳದಲ್ಲೇ ಕರೆದು ಕಪ್ಪೆಯ ಪಕ್ಷವನ್ನೇ ವಹಿಸಿದಳು. ಭಾವ ನಮ್ಮನ್ನು ಬಂಡೆಯ ಸುತ್ತ ಮೂರು ಸಲ ಸುತ್ತಿಸಿದರು. ಕಡೆಗೆ, ಒಂದು ಮುಳ್ಳಿನ ಪೊದೆಯೊಳಗೆ ಬಗ್ಗಿ ಕೂತು ಒಂದು ಕಣ್ಣು ಮುಚ್ಚಿದರೆ ಸೊಂಡಿಲಿನಂಥದ್ದು ಏನೋ ಕಾಣುತ್ತದೆ ಎಂದು ಪತ್ತೆಯಾಯಿತು. ಒಬ್ಬೊಬ್ಬರಾಗಿ ಪೊದೆಯೊಳಗೆ ಹೋಗಿ ಆನೆ ನೋಡಿ ಬಂದೆವು. ಆಮೇಲೆ ಅಕ್ಕ ಕಾಲು ಜಾರಿ ಬೀಳುವುದಿತ್ತು. ಅವಳು ಒಣಗಿದ ಜಾಗ ಹುಡುಕಿ, ಸೀರೆಯ ನೆರಿಗೆ ಸರಿಮಾಡಿಕೊಂಡು, "ರೀ, ಇಲ್ಲಿ ಬೀಳ್ಲಾ?" ಎಂದು ಕೇಳಿ ಮೆಲ್ಲಗೆ ಕೂತಳು.

ಹನ್ನೆರಡಕ್ಕೆ ಎಲ್ಲರೂ ಬಂಡೆ ಹತ್ತಿ ಉತ್ತರದ ಕಡೆಗೆ ಕೈ ಬೀಸಬೇಕಿತ್ತು. ಕೆಳಗೆ ಬೇರೆ ಜನರಿದ್ದರು, ಮೇಲೆ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಇದೊಂದು ನನ್ನಿಂದಾಗದು ಎಂದು ಕೈಕಟ್ಟಿ ನಿಂತೆ.

"ನಿನ್ನ ಹೆಸರೂ ಬರೆದಿದೀನಿ ಕಣಯ್ಯ" ಎಂದರು ಭಾವ. ದನಿ ಯಾಕೋ ಇಳಿದಿತ್ತು.

ನಾನು ಕೈ ಎತ್ತಲಿಲ್ಲ. ಭಾವ, ಅಕ್ಕ, ಮಗಳು ಮೂವರೇ ಬಹಳ ಹೊತ್ತು ಬೀಸಿದರು. 

ಮುಂದಿನ ಶನಿವಾರ ಮೈಸೂರಿನಿಂದ ಉತ್ತರ ಬಂತು. ಅಕ್ಕ ಓದಿ ನನ್ನ ಕೈಗೆ ಕೊಟ್ಟಳು. ಭಾವನ ಲಕೋಟೆಯ ಮೇಲೆ, ಭಾನುವಾರ ಬೆಳಗ್ಗೆಯೇ ಒಡೆಯಬೇಕು ಎಂದು ಬರೆದಿರುತ್ತಿತ್ತಂತೆ. ತಂಗಿ ಕಿಟಕಿಯ ಹತ್ತಿರ ಗಡಿಯಾರ ಇಟ್ಟುಕೊಂಡು, ಎಂಟೂವರೆಗೆ ಇಡ್ಲಿ, ಹತ್ತಕ್ಕೆ ದೇವಿಯ ಕಣ್ಣು ಎಂದು ಹೊತ್ತು ಹೊತ್ತಿಗೆ ಒಂದೊಂದೇ ಸಾಲು ಓದುತ್ತ, ಇಡೀ ದಿನ ನಮ್ಮ ಜೊತೆಗೇ ಸುತ್ತಿದ್ದಳು. ನಾವು ನೋಡುವ ಹೊತ್ತಿಗೇ ತಂಗಿಯೂ ನೋಡಬೇಕು, ಅದಕ್ಕೇ ಭಾವ ಮೊದಲೇ ಬರೆಯುತ್ತಿದ್ದದ್ದು! ಅಕ್ಕ ಅಷ್ಟು ಸುಲಭವಾಗಿ ಜಾರಿ ಬಿದ್ದದ್ದು ಯಾಕೆಂದು ಆಗ ತಿಳಿಯಿತು.

ಕೊನೆಯಲ್ಲಿ ಹೀಗಿತ್ತು: "ಹನ್ನೆರಡಕ್ಕೆ ನಾನೂ ಕಿಟಕಿಯಿಂದ ಕೈ ಬೀಸಿದೆ ಅಣ್ಣ. ನಿಮ್ಮೆಲ್ಲರ ಕೈಯೂ ಕಂಡಿತು. ಅತ್ತಿಗೆಯ ತಮ್ಮ ಎತ್ತರದವರಲ್ಲವೆ, ಅವರ ಕೈಯೇ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು."

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಎದ್ದು ತಾರಸಿಗೆ ಹೋದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಾ ನನ್ನನ್ನೇ ನೋಡುತ್ತಿದ್ದರು. ನೋಡಲಿ ಬಿಡಿ. ಮೈಸೂರಿರುವ ಉತ್ತರ ದಿಕ್ಕು ಯಾವ ಕಡೆ ಎಂದು ಗುರುತು ಹಿಡಿದು, ಆರು ದಿನ ತಡವಾಗಿ ಕೈ ಎತ್ತಿ ಬೀಸಿದೆ.